ಜೋಳಿಗೆಯಾಚೆಗೊಂದು ಮನೆ

ಜಂಗಮನು ಹಿಡಿದ ಜೋಳಿಗೆಗೆ ಭಕ್ತನು ಧಾನ್ಯವನ್ನು ನೀಡುವುದು ನಮ್ಮ ನಾಡಿನ ಹಳೆಯ ರೂಢಿ. ಆ ಜೋಳಿಗೆಯನ್ನು ಹಿಡಿದು ಧಾನ್ಯಕ್ಕೆ ಬದಲಾಗಿ ಜನರ ದುಶ್ಚಟಗಳನ್ನು ಬೇಡಿದವರು ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಕೈಗೊಂಡ ಈ ಅಪೂರ್ವ ಭಿಕ್ಷಾಟನೆಯು ‘ಮಹಾಂತ ಜೋಳಿಗೆ’ ಎಂಬ ಹೆಸರಿನಿಂದ ಮನೆಮಾತಾಯಿತು. ಕುಡಿತ, ಬೀಡಿ, ತಂಬಾಕು ಇವುಗಳನ್ನು ಜೋಳಿಗೆಗೆ ಹಾಕಿ, ಮತ್ತೆ ಮುಟ್ಟೆನೆಂದು ಮಾತು ಕೊಟ್ಟು ಹೋದವರ ಎಣಿಕೆಯಿಲ್ಲ. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ನಮ್ಮ ಸಮಾಜದ ಬಂಧುಗಳಿಗೆ ಇದೆಲ್ಲವೂ ತಿಳಿದದ್ದೇ.

ಆದರೆ ಆ ಜೋಳಿಗೆಯ ಮುಂದೆ ಸಾಲುಗಟ್ಟಿ ನಿಂತವರನ್ನು ನೆನೆಯುವಾಗ ನಮ್ಮ ಕಣ್ಣ ಮುಂದೆ ಬರುವವರು ಗಂಡಸರೇ. ಹೆಣ್ಣುಮಕ್ಕಳು ಬಂದರೆ ಗಂಡನನ್ನೋ ಮಗನನ್ನೋ ಕರೆತಂದವರಾಗಿ ಬಂದಿರುತ್ತಾರೆ. ತನ್ನದನ್ನೇ ಹಾಕಬೇಕಾದ ಹೆಣ್ಣುಮಗಳು ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಯನ್ನು ನಾವು ನಾವಾಗಿಯೇ ಕೇಳಿಕೊಂಡವರಲ್ಲ. ನಮ್ಮನ್ನು ಒಬ್ಬ ತಾಯಿ ಕೇಳಿದರು.

ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದಲ್ಲಿ ವ್ಯಸನಮುಕ್ತಿಯ ಸಭೆ. ನಮ್ಮದೂ ಒಂದು ಉಪನ್ಯಾಸವಿತ್ತು. ಸಭೆ ಮುಗಿದು, ಪ್ರಸಾದವಾಗಿ, ಜನ ಕರಗಿದ ಮೇಲೆ ಸುಮಾರು ನಲವತ್ತರ ವಯಸ್ಸಿನ ಒಬ್ಬ ಹೆಣ್ಣುಮಗಳು ಕಂಬದ ಮರೆಯಿಂದ ಬಂದು ನಮಸ್ಕರಿಸಿದರು. ಸ್ಥಿತಿವಂತರ ಮನೆತನ. ಯಜಮಾನರು ತೀರಿಕೊಂಡ ಮೇಲೆ ನಿದ್ದೆ ಬಾರದೆ, ಅವರೇ ಬಿಟ್ಟು ಹೋದ ಬಾಟಲಿಯಿಂದ ಆರಂಭವಾದದ್ದು ಐದು ವರ್ಷದಲ್ಲಿ ಹಗಲು ರಾತ್ರಿ ಎನ್ನದೆ ಬೆಳೆದಿತ್ತು. “ಗಂಡಸರಿಗೆ ಶಿಬಿರ ಐತ್ರಿ ಗುರುಗಳ. ನಾವೆಲ್ಲಿಗೆ ಹೋಗೋಣ್ರಿ?” ಎಂದರು.

ನಾವು ಅವರಿಗೆ ವಿಭೂತಿ ಕೊಟ್ಟೆವು. ಇಂದಿನಿಂದಲೇ ನಿಲ್ಲಿಸು ತಾಯಿ, ತ್ರಿಕಾಲ ಲಿಂಗಪೂಜೆ ಮಾಡು, ಕರಸ್ಥಲದಲ್ಲಿ ದೃಷ್ಟಿಯಿಟ್ಟರೆ ಬಯಕೆ ತಾನೇ ಅಡಗುವುದು ಎಂದು ಹೇಳಿ ಕಳುಹಿಸಿದೆವು. ಆಕೆ ನಮ್ಮ ಮಾತನ್ನು ಅಕ್ಷರಶಃ ಪಾಲಿಸಿದರು. ಮರುದಿನವೇ ಕೈ ನಡುಗತೊಡಗಿತು. ಎರಡನೆಯ ರಾತ್ರಿ ಸೆಳವು ಬಂದಿತು. ಮೂರನೆಯ ದಿನ ಗೋಡೆಯ ಮೇಲೆಲ್ಲ ಹುಳು ಹರಿಯುತ್ತಿವೆಯೆಂದು ಚೀರತೊಡಗಿದಾಗ ಮನೆಯವರು ಗಾಳಿ ಸೋಕಿತೆಂದು ಮಾಟ ಬಿಡಿಸುವವನನ್ನು ಕರೆಸಿದರು. ಸಮಯಕ್ಕೆ ಬಂದ ಅಣ್ಣ ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದುದರಿಂದ ಜೀವವುಳಿಯಿತು. ಸಂಗತಿ ತಿಳಿದು ನಾವು ಹೋದಾಗ, ವೈದ್ಯರು ನಮ್ಮ ವಯಸ್ಸನ್ನಾಗಲಿ ಹಣೆಯ ವಿಭೂತಿಯನ್ನಾಗಲಿ ನೋಡದೆ ಸರಿಯಾಗಿಯೇ ಛೀಮಾರಿ ಹಾಕಿದರು. ಬಹುಕಾಲ ನಿತ್ಯವೂ ಕುಡಿದ ದೇಹವು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಏಕಾಏಕಿ ನಿಲ್ಲಿಸಿದರೆ ಮಿದುಳು ಕೆರಳಿ ಸೆಳವು, ಸನ್ನಿ ಉಂಟಾಗುತ್ತವೆ. ಅದರಿಂದ ಸಾವು ಸಂಭವಿಸುವುದೂ ಉಂಟು. ಮೊದಲ ವಾರ ಔಷಧಿಯೂ ಬಿ1 ಜೀವಸತ್ವವೂ ವೈದ್ಯರ ಕಣ್ಗಾವಲೂ ಬೇಕು. ಮಂತ್ರದ ಕೆಲಸ ಇರುವುದು ಅದರ ನಂತರ. ಅರವತ್ತು ದಾಟಿದ ನಾವು ಇದನ್ನು ಒಬ್ಬ ತಾಯಿಯ ಪ್ರಾಣಸಂಕಟದಿಂದ ಕಲಿಯಬೇಕಾಯಿತು.

ಹತ್ತು ದಿನಗಳ ಮೇಲೆ ಆಕೆ ಮನೆಗೆ ಮರಳಿದರು. ಅದೇ ಕೋಣೆ, ಅದೇ ಒಂಟಿತನ, ಮೇಲಾಗಿ ಈಗ ಊರ ಬಾಯಿ. ಎರಡು ತಿಂಗಳೊಳಗೆ ಮತ್ತೆ ಆರಂಭವಾಯಿತೆಂದು ತಿಳಿಯಿತು. ಆಸ್ಪತ್ರೆಯು ದೇಹವನ್ನು ಸೋಸಿಕೊಟ್ಟಿತ್ತು. ಸೋಸಿದ ದೇಹವನ್ನಿಡಲು ಒಂದು ಮನೆ ಬೇಕಾಗಿತ್ತು, ಅದು ಇರಲಿಲ್ಲ.

ಇಂತಹವರು ಎಷ್ಟು ಮಂದಿ ಎಂದು ಕೇಳುವವರುಂಟು. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ 10ರಿಂದ 75 ವಯಸ್ಸಿನವರಲ್ಲಿ ಗಂಡಸರು ಶೇಕಡಾ 27.3ರಷ್ಟು, ಹೆಂಗಸರು ಶೇಕಡಾ 1.6ರಷ್ಟು ಮದ್ಯ ಸೇವಿಸುತ್ತಾರೆ. ಶೇಕಡಾವಾರಿನಲ್ಲಿ ಇದು ಅಲ್ಪ. ಆದರೆ ಭಾರತದ ಜನಸಂಖ್ಯೆಯಲ್ಲಿ ಅದು ಎಂಬತ್ತು ಲಕ್ಷವನ್ನು ಮೀರುವ ಹೆಣ್ಣುಮಕ್ಕಳಾಗುತ್ತಾರೆ. ಎಲೆಯಡಿಕೆಯೊಡನೆ ತಂಬಾಕು, ಕಡ್ಡಿಪುಡಿ ಹಾಕುವ ತಾಯಂದಿರನ್ನು ಇದರಲ್ಲಿ ಸೇರಿಸಿಲ್ಲ. ಅವರು ನಮ್ಮ ಮನೆಮನೆಯಲ್ಲಿಯೂ ಇದ್ದಾರೆ, ಅದನ್ನು ಚಟವೆಂದು ಕರೆಯುವ ಧೈರ್ಯ ಮಾತ್ರ ನಮಗಿಲ್ಲ. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆಯುತ್ತಿದೆಯೆಂದು ಅದೇ ಸಮೀಕ್ಷೆ ಹೇಳುತ್ತದೆ. ಆ ಒಬ್ಬರು ಹೆಂಗಸಾಗಿರುವ ಸಂಭವವೆಷ್ಟು? ಪ್ರಕೃತಿಯೂ ಇಲ್ಲಿ ಹೆಣ್ಣಿಗೆ ಕಠಿಣವಾಗಿದೆ. ಸ್ತ್ರೀದೇಹದಲ್ಲಿ ನೀರಿನ ಅಂಶ ಕಡಿಮೆಯಿರುವುದರಿಂದ ಅದೇ ಪ್ರಮಾಣದ ಮದ್ಯವು ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ಯಕೃತ್ತು ಬೇಗ ಕೆಡುತ್ತದೆ. ಗರ್ಭದ ಶಿಶುವಿಗೂ ವಿಷವೇರುತ್ತದೆ.

ಶರಣರು ಇಂತಹವರನ್ನು ಹೊರಗಿಡಲಿಲ್ಲ. ಹೆಂಡ ಮಾರುವ ಕಾಯಕದಲ್ಲಿದ್ದ ಹೆಂಡದ ಮಾರಯ್ಯನವರು ಕಲ್ಯಾಣದ ಶರಣಗಣದಲ್ಲಿ ಸೇರಿದವರು. ಸೂಳೆ ಸಂಕವ್ವೆಯೆಂದು ನಾವು ಇಂದಿಗೂ ಕರೆಯುವ ಶರಣೆಯ ಒಂದೇ ಒಂದು ವಚನ ದೊರೆತಿದೆ. ಅವರ ಅಂಕಿತ ನಿರ್ಲಜ್ಜೇಶ್ವರ. ಲೋಕವು ಲಜ್ಜೆಗೇಡಿಯೆಂದು ಯಾರನ್ನು ದೂರ ಇಟ್ಟಿತೋ ಅವರು ಆ ಲಜ್ಜೆಯನ್ನೇ ದೇವರ ಹೆಸರಿನಲ್ಲಿ ಕರಗಿಸಿಕೊಂಡರು. ಪಂಚಾಚಾರಗಳಲ್ಲಿ ಶಿವಾಚಾರವೆಂದರೆ ಲಿಂಗಧಾರಿಯ ಪೂರ್ವವನ್ನು ಎತ್ತಿ ಆಡದಿರುವುದು. ಇದನ್ನು ನಾವು ವೇದಿಕೆಗಳ ಮೇಲೆ ಜಾತಿಯ ವಿಷಯಕ್ಕೆ ಮಾತ್ರ ಹೇಳುತ್ತ ಬಂದಿದ್ದೇವೆ. ಚಟದಿಂದೆದ್ದು ಬಂದ ಮಗಳ ಪೂರ್ವಕ್ಕೂ ಅದು ಅನ್ವಯಿಸುವುದಿಲ್ಲವೇ?

ಈ ವಿಚಾರವನ್ನು ಹಚ್ಚಿಕೊಂಡು ಓದುತ್ತಿರುವಾಗ, ಪರದೇಶದ ಅನ್ಯಧರ್ಮೀಯರು ಇದೇ ದಾರಿಯಲ್ಲಿ ನಡೆದ ಕೆಲವು ಹೆಜ್ಜೆಗಳು ನಮ್ಮ ಗಮನಕ್ಕೆ ಬಂದವು. ಅಮೆರಿಕದ ಅಕ್ರನ್ ಎಂಬ ನಗರದಲ್ಲಿ 1935ರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಹುಟ್ಟಿತು. ಅಲ್ಲಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ 1939ರಿಂದ ಕುಡುಕರನ್ನು ಶುಶ್ರೂಷೆಗೆ ಸೇರಿಸಿಕೊಂಡ ಸಿಸ್ಟರ್ ಇಗ್ನೇಷಿಯಾ ಎಂಬ ಕ್ರೈಸ್ತ ಸಂನ್ಯಾಸಿನಿಯು ಗುಣವಾಗಿ ಹೊರಡುವವರ ಕೈಯಲ್ಲಿ ಏಸುವಿನ ಹೃದಯದ ಚಿತ್ರವಿರುವ ಒಂದು ಚಿಕ್ಕ ಲಾಂಛನವನ್ನು ಇಡುತ್ತಿದ್ದರು. ಮತ್ತೆ ಕುಡಿಯುವುದಾದರೆ ಮೊದಲು ಬಂದು ಇದನ್ನು ನನ್ನ ಕೈಗೆ ಹಿಂದಿರುಗಿಸಬೇಕು ಎಂಬುದೊಂದೇ ಅವರ ಕರಾರು. ನಮ್ಮ ಜೋಳಿಗೆಗೆ ಇದು ಎಷ್ಟು ಹತ್ತಿರ! ಆದರೆ ಅದೇ 1939ರಲ್ಲಿ ಆ ಸಂಘವು ಪ್ರಕಟಿಸಿದ ಮೂಲಗ್ರಂಥದಲ್ಲಿ ಹೆಂಡತಿಯರಿಗೆಂದೇ ಒಂದು ಅಧ್ಯಾಯವಿದೆ. ಕುಡಿಯುವವನು ಗಂಡಸು, ಸಹಿಸುವವಳು ಹೆಂಗಸು ಎಂಬ ಗ್ರಹಿಕೆ ಅಲ್ಲಿಯೂ ಇತ್ತೆಂಬುದನ್ನು ಮರೆಯುವಂತಿಲ್ಲ.

ಹೆಣ್ಣುಮಕ್ಕಳಿಗಾಗಿಯೇ ಒಂದು ಮನೆಯ ಮಾತು ಬಂದರೆ, ಆ ದೇಶದ ಟೆನ್ನೆಸಿ ರಾಜ್ಯದ ನ್ಯಾಶ್‌ವಿಲ್ ನಗರದ ಉದಾಹರಣೆಯು ವಿಸ್ತಾರವಾಗಿ ಹೇಳತಕ್ಕದ್ದು. 1997ರಲ್ಲಿ ಎಪಿಸ್ಕೋಪಲ್ ಪಂಥದ ಬೆಕ್ಕಾ ಸ್ಟೀವನ್ಸ್ ಎಂಬ ಮಹಿಳಾ ಪಾದ್ರಿಯು ಅಲ್ಲಿ ಐವರು ಹೆಂಗಸರಿಗಾಗಿ ಒಂದು ಮನೆಯನ್ನು ತೆರೆದರು. ಹೆಸರು ಮ್ಯಾಗ್ಡಲೀನ್. ಬಂದವರು ಮಾದಕ ವಸ್ತುಗಳಿಗೂ ಬೀದಿಯ ಮೈಮಾರಾಟಕ್ಕೂ ಸಿಲುಕಿ, ಸೆರೆಮನೆ ಕಂಡವರು. ಸ್ಥಾಪಕಿಯ ತಂದೆಯೂ ಪಾದ್ರಿಯಾಗಿದ್ದರು. ಮಗಳಿಗೆ ಐದು ವರ್ಷವಿದ್ದಾಗ ಕುಡಿದು ವಾಹನ ನಡೆಸಿದವನಿಂದ ಅವರು ಅಸುನೀಗಿದರು. ಬಳಿಕ ತಮ್ಮ ಚರ್ಚಿನ ಹಿರಿಯನೊಬ್ಬನಿಂದಲೇ ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದುದನ್ನು ಆಕೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ದೇವರ ಮನೆಯೊಳಗೂ ಹೆಣ್ಣಿಗೆ ಗಾಯವಾಗಬಲ್ಲದೆಂದು ಬಲ್ಲವರು ಕಟ್ಟಿದ ಮನೆಯಾದ್ದರಿಂದಲೇ ಅದರ ಕಟ್ಟಳೆಗಳು ಬೇರೆ ಬಗೆಯವು.

ಅಲ್ಲಿ ಎರಡು ವರ್ಷದ ವಾಸ. ಊಟ, ವಸತಿ, ವೈದ್ಯಕೀಯ, ಆಪ್ತಸಲಹೆ, ವಿದ್ಯೆ ಇವುಗಳಿಗೆ ಕಾಸಿಲ್ಲ. ಮನೆಯೊಳಗೆ ರಾತ್ರಿ ಕಾವಲಿಗೆ ಅಧಿಕಾರಿಯಿಲ್ಲ. ಬೀಗದ ಕೈ ವಾಸಿಗಳ ಕೈಯಲ್ಲಿಯೇ. ಅಡುಗೆ, ಕಸ, ಜಗಳ, ರಾಜಿ ಎಲ್ಲವೂ ಅವರದೇ. ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕುವ ನಮ್ಮ ‘ರಕ್ಷಣೆ’ಯ ಕಲ್ಪನೆಯವರು ಇದನ್ನು ಓದಿ ಬೆಚ್ಚಿಬೀಳಬಹುದು. ನಾವೂ ಬೆಚ್ಚಿದೆವು. ಆದರೆ ಯೋಚಿಸಿದರೆ, ಜೀವನವಿಡೀ ಇನ್ನೊಬ್ಬರ ಹಿಡಿತದಲ್ಲಿ ನಲುಗಿದವಳಿಗೆ ಬೀಗದ ಕೈಯನ್ನು ಒಪ್ಪಿಸುವುದು ಒಂದು ಬಗೆಯ ದೀಕ್ಷೆಯೇ ಸರಿ.

ದಾಸೋಹ ಅಲ್ಲಿ ಹೀಗಿದ್ದರೆ ಕಾಯಕವು ನಾಲ್ಕು ವರ್ಷದ ನಂತರ ಬಂದಿತು. ಚಟ ಬಿಟ್ಟ ಹೆಂಗಸರಿಗೆ ಹೊರಗೆ ಕೆಲಸ ದೊರೆಯದು. ಸೆರೆಮನೆಯ ದಾಖಲೆ ಬೆನ್ನಿಗಿರುತ್ತದೆ. ಆದ್ದರಿಂದ 2001ರಲ್ಲಿ ‘ಥಿಸಲ್ ಫಾರ್ಮ್ಸ್’ ಎಂಬ ಉದ್ಯಮವನ್ನು ಆರಂಭಿಸಿ ಮೇಣದ ಬತ್ತಿ, ಮೈಗೆ ಹಚ್ಚುವ ಎಣ್ಣೆ, ಮುಲಾಮುಗಳನ್ನು ತಯಾರಿಸಿದರು. ಥಿಸಲ್ ಎಂದರೆ ನೇರಳೆ ಹೂವಿನ ಒಂದು ಮುಳ್ಳುಗಿಡ. ಈ ಹೆಂಗಸರು ನಿಲ್ಲುತ್ತಿದ್ದ ಬೀದಿಗಳಂಚಿನಲ್ಲಿ ಅದು ಯಾರೂ ನೆಡದೆ ಬೆಳೆಯುತ್ತದೆ. ಬೇರು ಆಳಕ್ಕಿಳಿದು ಕಾಂಕ್ರೀಟಿನ ಸಂದಿನಲ್ಲಿಯೂ ತಲೆಯೆತ್ತುತ್ತದೆ. ಕಳೆಯೆಂದು ಕಿತ್ತೆಸೆಯುವ ಆ ಗಿಡದಿಂದಲೇ ಅವರು ಕಾಗದ ಮಾಡಿ ತಮ್ಮ ಸರಕಿನ ಡಬ್ಬಿಗಳಿಗೆ ಬಳಸಿದರು. 2013ರಲ್ಲಿ ಒಂದು ಉಪಾಹಾರ ಗೃಹವೂ ಸೇರಿತು. ಬಸವಣ್ಣನವರ ಹೆಸರು ಕೇಳಿರದವರು ಕಾಯಕದ ಅರ್ಥವನ್ನು ಕೈಯಾರೆ ಕಂಡುಕೊಂಡಿದ್ದಾರೆ. ಕೆಲಸವನ್ನು ಕಾಲಹರಣಕ್ಕಾಗಿ ಕೊಡದೆ, ಕೂಲಿಯೊಡನೆ, ಮಾರುಕಟ್ಟೆಯಲ್ಲಿ ನಿಲ್ಲುವ ಗುಣಮಟ್ಟದೊಡನೆ ಕೊಡಬೇಕು ಎಂಬುದು ಅಲ್ಲಿಂದ ಕಲಿಯತಕ್ಕ ಮುಖ್ಯ ಮಾತು. ನಮ್ಮ ಆಶ್ರಮಗಳಲ್ಲಿ ಬತ್ತಿ ಹೊಸೆಯಿಸುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಚಿಕಿತ್ಸೆಯ ನಂತರದ ಮನೆಯಿಂದ ನಿಜವಾಗಿ ಪ್ರಯೋಜನವುಂಟೇ ಎಂದು ಸಂದೇಹಿಸುವವರಿಗೆ ಒಂದು ಲೆಕ್ಕ. ಅಮೆರಿಕದಲ್ಲಿಯೇ 1975ರಲ್ಲಿ ಆರಂಭವಾದ ‘ಆಕ್ಸ್‌ಫರ್ಡ್ ಹೌಸ್’ ಎಂಬ ಮನೆಗಳುಂಟು. ಇವು ಧರ್ಮಸಂಸ್ಥೆಯವಲ್ಲ, ಚಟ ಬಿಟ್ಟವರೇ ಬಾಡಿಗೆ ಹಂಚಿಕೊಂಡು, ಮತ ಹಾಕಿ ಮುಖಂಡರನ್ನು ಆರಿಸಿ ನಡೆಸುತ್ತಾರೆ, ಮತ್ತೆ ಕುಡಿದವರು ಹೊರಡಬೇಕು. ಇಲಿನಾಯ್ ರಾಜ್ಯದಲ್ಲಿ ಚಿಕಿತ್ಸೆ ಮುಗಿಸಿದ 150 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಈ ಮನೆಗಳಿಗೂ ಇನ್ನೊಂದನ್ನು ಎಂದಿನ ಏರ್ಪಾಡಿಗೂ ಕಳುಹಿಸಿ ನೋಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷದ ಬಳಿಕ ಮನೆಗಳಿಗೆ ಹೋದವರಲ್ಲಿ ಶೇಕಡಾ 31ರಷ್ಟು ಮಂದಿ, ಉಳಿದವರಲ್ಲಿ ಶೇಕಡಾ 65ರಷ್ಟು ಮಂದಿ ಚಟಕ್ಕೆ ಮರಳಿದ್ದರು. ನಮ್ಮ ಆ ತಾಯಿಯ ಎರಡು ತಿಂಗಳು ನಮಗೆ ಇಲ್ಲಿ ನೆನಪಾಯಿತು.

ನಮ್ಮ ನಾಡಿನಲ್ಲಿ ಏನೂ ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಶ್ರೀ ಕ್ಷೇತ್ರ ಧರ್ಮಸ್ಥಳದವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಸಾವಿರಾರು ಸಂಸಾರಗಳನ್ನು ಉಳಿಸಿವೆ. ಆದರೆ ಅಲ್ಲಿ ಶಿಬಿರಾರ್ಥಿಗಳಾಗಿ ಕೂರುವವರು ಹೆಚ್ಚಾಗಿ ಗಂಡಸರೇ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಹೆಸರು ಹೇಳದೆಯೂ ಸಲಹೆ ಪಡೆಯಬಹುದು. ಓದುವ ಮನೆಗಳಲ್ಲಿ ಯಾರಿಗಾದರೂ ಬೇಕಾದೀತೆಂದು ಬರೆದಿದ್ದೇವೆ.

ಮಠವೊಂದು ಇಂತಹ ಮನೆಯನ್ನು ತೆರೆಯುವುದಾದರೆ ಭಕ್ತಿಯ ಆವೇಶವೊಂದೇ ಸಾಲದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮನೋವಿಕಾರಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅಂತಹವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಸ್ಥಳ ನೋಂದಣಿಯಾಗಬೇಕು. ಸರಪಳಿ ಕಟ್ಟುವುದು ನಿಷಿದ್ಧ. ಪೂಜೆಗೆ ಬಲವಂತವಿರಬಾರದು. ಲಿಂಗವನ್ನು ಶಿಕ್ಷೆಯಾಗಿ ಕೈಗಿತ್ತರೆ ಅದು ಕಲ್ಲಾಗಿಯೇ ಉಳಿಯುತ್ತದೆ. ತಾಯಿಯೊಡನೆ ಚಿಕ್ಕ ಮಕ್ಕಳಿಗೂ ಎಡೆಯಿರಬೇಕು, ಇಲ್ಲವಾದರೆ ಆಕೆ ಬರುವುದೇ ಇಲ್ಲ. ಮೇಲ್ವಿಚಾರಣೆ ಹೆಂಗಸರದೇ ಆಗಿರಬೇಕು. ಸ್ವಾಮಿಗಳಾದರೂ ನಮ್ಮಂತಹ ಮುದುಕರಾದರೂ ಹೇಳಿದ ಹೊತ್ತಿಗೆ ಬಂದು, ಅನುಭಾವದ ಮಾತನ್ನಾಡಿ, ಹೊರಟುಬಿಡಬೇಕು.

ನಾವು ಶಿಕ್ಷಣ ಪಡೆದ ಮಠದ ಹಿಂಭಾಗದಲ್ಲಿ ಹಳೆಯ ಪ್ರಸಾದನಿಲಯದ ಆರು ಕೋಣೆಗಳಿವೆ. ಹುಡುಗರು ಹೊಸ ಕಟ್ಟಡಕ್ಕೆ ಹೋದ ಮೇಲೆ ಅಲ್ಲಿ ಜಾತ್ರೆಯ ಪೆಂಡಾಲಿನ ಗಳುಗಳನ್ನೂ ದೊಡ್ಡ ಹಂಡೆಗಳನ್ನೂ ತುಂಬಿದ್ದಾರೆ. ಕಳೆದ ತಿಂಗಳು ಆಡಳಿತ ಮಂಡಳಿಯ ಸಭೆಯಲ್ಲಿ ನಾವು ಆ ಕೋಣೆಗಳನ್ನು ಕೇಳಿದೆವು. ಹಿರಿಯರೊಬ್ಬರು, “ಕುಡಿಯುವ ಹೆಂಗಸರು ಮಠದಲ್ಲಿದ್ದಾರೆಂದು ಊರವರು ಆಡಿಕೊಂಡರೆ?” ಎಂದರು. ಹೆಂಡದ ಮಾರಯ್ಯನವರ ಭಾವಚಿತ್ರ ಅದೇ ಸಭಾಂಗಣದ ಗೋಡೆಯ ಮೇಲಿತ್ತು. ನಾವು ಅದನ್ನು ತೋರಿಸಲಿಲ್ಲ. ಹಿರಿಯರ ಆತಂಕವೂ ಪೊಳ್ಳಲ್ಲ. ಬದಲಿಗೆ ಮಂಡಳಿಯಲ್ಲಿರುವ ಇಬ್ಬರು ತಾಯಂದಿರ ಅಭಿಪ್ರಾಯವನ್ನು ಕೇಳಬೇಕೆಂದು ಪ್ರಾರ್ಥಿಸಿದೆವು. ಅವರಲ್ಲೊಬ್ಬರು, ಹಂಡೆಗಳನ್ನು ಇಡಲು ತಮ್ಮ ಮನೆಯ ಹಿತ್ತಲಿನಲ್ಲಿ ಜಾಗವಿದೆ ಎಂದರು. ವಿಷಯವನ್ನು ಶ್ರಾವಣದ ನಂತರದ ಸಭೆಗೆ ಮುಂದೂಡಲಾಗಿದೆ.