ನೆರೆಯವನು ಯಾರು?

ಸಂಡೇ ಸ್ಕೂಲಿನ ಮಕ್ಕಳಿಗೆ ಒಳ್ಳೆಯ ಸಮಾರ್ಯದವನ ಕಥೆ ಬಾಯಿಪಾಠ. ಕಷ್ಟದಲ್ಲಿರುವವರಿಗೆ ನೆರವಾಗಬೇಕು ಎಂಬ ನೀತಿಯೊಂದಿಗೆ ಪಾಠ ಮುಗಿಯುತ್ತದೆ. ಆದರೆ ಯೇಸು ಹೇಳಿದ ಈ ಸಾಮ್ಯದ ಪಾಠ ಅಷ್ಟು ಸುಲಭದ್ದಲ್ಲ.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಬರುವ ಕಥೆ ನಡೆಯುವುದು ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ಬೆಟ್ಟಗಾಡಿನ ದಾರಿಯಲ್ಲಿ. ಇಳಿಜಾರು ಸುಮಾರು 1,000 ಮೀಟರ್. ಅಲ್ಲಿ ಕಳ್ಳರು ಪ್ರಯಾಣಿಕನೊಬ್ಬನನ್ನು ದೋಚಿ, ಬಡಿದು ಹಾಕುತ್ತಾರೆ. ದೇವಾಲಯದ ಸೇವೆಗೆ ಸೇರಿದ ಯಾಜಕನೂ ಲೇವಿಯನೂ ಕಂಡೂ ಕಾಣದಂತೆ ಹೋಗುತ್ತಾರೆ. ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಆರೈಕೆಗೆಂದು ಎರಡು ದಿನದ ಕೂಲಿಯಷ್ಟು ಹಣ ಕೊಟ್ಟವನು ಒಬ್ಬ ಸಮಾರ್ಯದವನು.

ಸಮಾರ್ಯದವರೆಂದರೆ ಯೆಹೂದ್ಯರಿಗೆ ಆಗದವರು. ಮೋಶೆಯ ಧರ್ಮಶಾಸ್ತ್ರ ಇಬ್ಬರಿಗೂ ಒಂದೇ. ಸಮಾರ್ಯದವರ ಪೂಜಾಸ್ಥಳ ಮಾತ್ರ ಗೆರಿಜೀಮ್ ಬೆಟ್ಟ. ಅಲ್ಲಿನ ಗುಡಿಯನ್ನು ಕ್ರಿ.ಪೂ. 2ನೇ ಶತಮಾನದಲ್ಲಿ ಯೆಹೂದ್ಯರ ಆಡಳಿತಗಾರ ಯೋಹಾನ ಹಿರ್ಕಾನಸ್ ಕೆಡವಿಸಿದ್ದ. ಹಗೆ ಅಷ್ಟು ಹಳೆಯದು.

ತನ್ನ ನೆರೆಯವನು ಯಾರೆಂದು ಕೇಳಿದ ಧರ್ಮಪಂಡಿತನಿಗೆ ಯೇಸು ಕಥೆಯ ಕೊನೆಯಲ್ಲಿ ಮರುಪ್ರಶ್ನೆ ಹಾಕುತ್ತಾರೆ: ಗಾಯಾಳುವಿಗೆ ನೆರೆಯವನಾದದ್ದು ಯಾರು? ದಯೆ ತೋರಿದವನೆಂದು ಪಂಡಿತ ಒಪ್ಪುತ್ತಾನೆ. ಸಮಾರ್ಯದವನೆಂಬ ಹೆಸರು ಮಾತ್ರ ಅವನ ಬಾಯಿಂದ ಹೊರಡುವುದಿಲ್ಲ.

ಇಂದು ಆ ಹೆಸರಿಗೆ ಪರೋಪಕಾರಿ ಎಂದೇ ಅರ್ಥ. 2019ರ ತಿದ್ದುಪಡಿಯ ನಂತರ ಭಾರತದ ಮೋಟಾರು ವಾಹನ ಕಾಯ್ದೆಯೂ ಅಪಘಾತದ ಗಾಯಾಳುವಿಗೆ ನೆರವಾಗುವವರನ್ನು ‘ಗುಡ್ ಸಮಾರಿಟನ್’ ಎನ್ನುತ್ತದೆ. ಹೆಸರು ಹಿತವಾದಷ್ಟೂ ಕಥೆಯ ಮೊನೆ ಮೊಂಡಾಗಿದೆ. ಅದನ್ನು ಮತ್ತೆ ಹರಿತಗೊಳಿಸಲು ತರಗತಿಯಲ್ಲಿ ಒಂದು ಪ್ರಶ್ನೆ ಸಾಕು: ಯಾರ ಕೈಯಿಂದ ನೀರು ಕುಡಿಯಲು ನಿಮ್ಮ ಮನೆಯವರು ಹಿಂಜರಿಯುತ್ತಾರೆ? ಕಥೆಯಲ್ಲಿ ದೇವರ ಆಜ್ಞೆ ಪಾಲಿಸಿದವನು ಅಂಥವನೇ.