ಸೇಬಿನಂಗಡಿ ಪೇಟೆಗೋ, ಹೆಬ್ಬಾಳಕ್ಕೋ?

ಬೆಂಗಳೂರಿನಲ್ಲಿ ಅಂಗಡಿ ತೆರೆಯುವುದು ಒಂದು ಸುದ್ದಿಯೇ ಅಲ್ಲ. ದಿನಕ್ಕೊಂದು ತೆರೆಯುತ್ತೆ, ದಿನಕ್ಕೊಂದು ಬಾಗಿಲು ಎಳೆಯುತ್ತೆ. ಆದರೆ ಒಂದೇ ಒಂದು ಫೋನಿನಂಗಡಿ ಯಾವ ಬಡಾವಣೆಯಲ್ಲಿ ತೆರೆಯಬೇಕು ಅಂತ ಊರಿಗೆ ಊರೇ ಎರಡು ವರ್ಷ ಬಾಯಿ ನೋಯಿಸಿಕೊಂಡಿದ್ದು ಇದೇ ಮೊದಲಿರಬೇಕು.

ಅಂಗಡಿ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. ಕಚ್ಚಿದ ಸೇಬಿನ ಗುರುತಿನ ಆಪಲ್ ಕಂಪನಿಯದ್ದು. 2023ರ ಏಪ್ರಿಲ್ 18ರಂದು ಮುಂಬಯಿಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಕಂಪನಿಯ ಮೊದಲ ಸ್ವಂತ ಅಂಗಡಿ ಬಂತು. ಎರಡು ದಿನ ಬಿಟ್ಟು ಏಪ್ರಿಲ್ 20ಕ್ಕೆ ದಿಲ್ಲಿಯ ಸಾಕೇತ್‌ನಲ್ಲಿ ಎರಡನೆಯದು. ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಖುದ್ದಾಗಿ ಬಂದು ಎರಡೂ ಕಡೆ ಬಾಗಿಲು ತೆರೆದರು. ಬೆಂಗಳೂರಿನವರಿಗೆ ಹೊಟ್ಟೆಯೊಳಗೆ ಖಾರ ಕಲಸಿದಂತಾಯಿತು. ಐಟಿ ರಾಜಧಾನಿ ನಾವು, ಅಂಗಡಿ ಅವರಿಗಾ? ಅಂದು ಶುರುವಾದ ಚರ್ಚೆ, ಬಂದರೆ ಎಲ್ಲಿಗೆ ಬರಬೇಕು ಅನ್ನುವ ಕಡೆಗೆ ತಿರುಗಿ, ಆಮೇಲೆ ನಿಲ್ಲಲೇ ಇಲ್ಲ.

ತಡವಾದದ್ದಕ್ಕೆ ಕಾನೂನಿನ ಕಾರಣವಿತ್ತು. ಒಂದೇ ಬ್ರಾಂಡಿನ ಚಿಲ್ಲರೆ ಅಂಗಡಿಗೆ ಪೂರ್ತಿ ವಿದೇಶಿ ಬಂಡವಾಳ ಹಾಕಬಹುದು ಅಂತ ಕೇಂದ್ರ ಸರಕಾರ 2012ರಲ್ಲೇ ಹೇಳಿತ್ತು. ಆದರೆ ಮಾರುವ ಸಾಮಾನಿನ ಶೇಕಡಾ 30ರಷ್ಟನ್ನು ಇಲ್ಲೇ ಕೊಳ್ಳಬೇಕು ಅನ್ನುವ ಷರತ್ತು ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು. 2019ರ ಆಗಸ್ಟ್‌ನಲ್ಲಿ ಷರತ್ತು ಸಡಿಲವಾಯಿತು. ಇಲ್ಲಿ ತಯಾರಾಗಿ ಹೊರದೇಶಕ್ಕೆ ಹೋಗುವ ಮಾಲನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು ಅಂದರು. 2020ರ ಸೆಪ್ಟೆಂಬರ್‌ನಲ್ಲಿ ಕಂಪನಿಯ ಆನ್‌ಲೈನ್ ಮಾರಾಟ ಶುರುವಾಯಿತು. ಇಟ್ಟಿಗೆ ಗಾರೆಯ ಅಂಗಡಿ ಅದಾದ ಮೇಲಿನ ಮಾತು.

ಇನ್ನು ಊರಿನ ವಾದಕ್ಕೆ ಬರೋಣ.

ಎಂ.ಜಿ. ರಸ್ತೆಯ ಪಕ್ಷ

ಹಳೇ ಬೆಂಗಳೂರಿಗರಲ್ಲಿ ಬಹಳ ಮಂದಿಗೆ ಪ್ರಶ್ನೆಯೇ ಇರಲಿಲ್ಲ. ಎಂ.ಜಿ. ರಸ್ತೆ ಬಿಟ್ಟರೆ ಬೇರೆ ಜಾಗ ಯಾವುದಿದೆ ಸ್ವಾಮಿ? ಹಿಂದೆ ಸೌತ್ ಪೆರೇಡ್ ಅನ್ನಿಸಿಕೊಂಡಿದ್ದ ಈ ರಸ್ತೆಗೆ ಹೊಸ ಸಾಮಾನು ಮೊದಲು ಬರುವುದು, ಆಮೇಲೆ ಊರಿಗೆ ಹರಡುವುದು, ಇದೇ ಪದ್ಧತಿ. ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿ ನೂರು ವರ್ಷ ದಾಟಿದ್ದು ಇಲ್ಲೇ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಮೊದಲ ಸಲ ಓಡಿದ್ದು ಬೈಯಪ್ಪನಹಳ್ಳಿಯಿಂದ ಇಲ್ಲಿಯವರೆಗೇ. ರೈಲಿಳಿದು ನಡೆದುಕೊಂಡು ಹೋಗಬಹುದು, ಕಾರು ಬೇಕಿಲ್ಲ, ಪಾರ್ಕಿಂಗ್ ಜಗಳ ಇಲ್ಲ. ಚರ್ಚ್ ಸ್ಟ್ರೀಟ್‌ಗೆ ಕಲ್ಲು ಹಾಸಿ ಚೊಕ್ಕ ಮಾಡಿದ್ದಾರೆ. ಇಷ್ಟು ಸಾಲದೇ?

ಈ ವಾದದ ಹಿಂದೆ ಸ್ವಲ್ಪ ದುಃಖವೂ ಇದೆ. ಪ್ಲಾಜಾ ಟಾಕೀಸು ಹೋಯಿತು. ಇಂಡಿಯಾ ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆಯಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ ಚಿತ್ರಮಂದಿರ 2018ರ ಕೊನೆಯ ದಿನ ಕೊನೆಯ ಆಟ ಮುಗಿಸಿತು. ಸಂಜೆ ಹೊತ್ತು ಸುಮ್ಮನೆ ತಿರುಗಾಡಲು ಹೋಗುತ್ತಿದ್ದ ಜನ ಈಗ ಮಾಲಿಗೆ ಹೋಗುತ್ತಾರೆ. ಒಂದು ದೊಡ್ಡ ಅಂಗಡಿ ಬಂದಿದ್ದರೆ ರಸ್ತೆಗೆ ಉಸಿರು ಬರುತ್ತಿತ್ತು ಅನ್ನುವುದು ಅವರ ಒಳಗಿನ ಆಸೆ. ಫೋನಿಗಿಂತ ರಸ್ತೆಯ ಚಿಂತೆಯೇ ಜಾಸ್ತಿ.

ತಮಾಷೆಯ ಸಂಗತಿ ಇನ್ನೊಂದಿದೆ. 2024ರ ಜನವರಿಯಲ್ಲಿ ಅದೇ ಆಪಲ್ ಕಂಪನಿ ಕಬ್ಬನ್ ರಸ್ತೆಯ ಮಿನ್ಸ್ಕ್ ಚೌಕದಲ್ಲಿ 15 ಅಂತಸ್ತಿನ ಕಚೇರಿ ತೆರೆಯಿತು. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ಮಗ್ಗುಲಲ್ಲೇ. ಎಂ.ಜಿ. ರಸ್ತೆಯ ಪಕ್ಷದವರು ಇದನ್ನು ನೋಡಿ ಗೆದ್ದೆವು ಅಂದುಕೊಂಡರು. ಮನೆ ಇಲ್ಲಿ ಮಾಡಿದವನು ಅಂಗಡಿ ಬೇರೆಲ್ಲಿ ಹಾಕುತ್ತಾನೆ?

ಹಾಕಿದ.

ಮಿಕ್ಕವರ ಕೂಗು

ಇಂದಿರಾನಗರದ ನೂರಡಿ ರಸ್ತೆಗೆ ಬರಲಿ ಅಂದವರು ಹೊಸ ತಲೆಮಾರಿನವರು. ಕಾಸಿರುವ ಹುಡುಗ ಹುಡುಗಿಯರು ಸಂಜೆ ಸೇರುವುದು ಅಲ್ಲೇ, ಮೆಟ್ರೊ ಕೂಡ ಇದೆ. ಆದರೆ ಅಲ್ಲಿ ಮನೆ ಮಾಡಿಕೊಂಡಿರುವವರ ವರಸೆ ಬೇರೆ. ನಿದ್ದೆ ಬಿಡದ ಪಬ್ಬು, ಗೇಟಿನ ಮುಂದೆ ಅಡ್ಡ ನಿಲ್ಲಿಸಿದ ಕಾರು, ಇವುಗಳ ವಿರುದ್ಧ ಅವರು ವರ್ಷಗಟ್ಟಲೆ ಅರ್ಜಿ ಕೊಟ್ಟು ಸೋತಿದ್ದಾರೆ. ಇನ್ನೊಂದು ಜಾತ್ರೆ ನಮಗೆ ಬೇಡ ಅಂತ ಕೈ ಮುಗಿದರು.

ವೈಟ್‌ಫೀಲ್ಡಿನವರು ಫೋನ್ ಕೊಳ್ಳುವ ಸಂಬಳ ನಮ್ಮಲ್ಲಿದೆ ಅಂದರು. ಕೋರಮಂಗಲದವರೂ ಅದನ್ನೇ ಅಂದರು. ಜಯನಗರದವರು ಎಂದಿನಂತೆ, ದಕ್ಷಿಣ ಬೆಂಗಳೂರನ್ನು ಯಾರು ಕೇಳ್ತಾರೆ ಬಿಡಿ, ಅಂತ ಸುಮ್ಮನಾದರು.

ಎಸ್.ಪಿ. ರಸ್ತೆಯ ಮಾತು ಕೇಳಿದವರು ಕಡಿಮೆ. ಸಾದರ ಪತ್ರಪ್ಪ ರಸ್ತೆ ಅಂದರೆ ಈ ಊರಿನ ನಿಜವಾದ ಎಲೆಕ್ಟ್ರಾನಿಕ್ ಪೇಟೆ. ರೆಸಿಸ್ಟರಿನಿಂದ ಹಿಡಿದು ಲ್ಯಾಪ್‌ಟಾಪಿನವರೆಗೆ ಆರಡಿ ಅಗಲದ ಮಳಿಗೆಯಲ್ಲಿ ಸಿಗುತ್ತೆ. ಒಡೆದ ಗಾಜು, ಸತ್ತ ಬ್ಯಾಟರಿ ಹಿಡಿದು ಬಂದವನಿಗೆ ಟೀ ಕುಡಿದು ಬರುವಷ್ಟರಲ್ಲಿ ಹೊಸದು ಹಾಕಿ ಕೊಡುವ ಹುಡುಗರು ಅಲ್ಲಿದ್ದಾರೆ. ಕಂಪನಿಯೇ ಬಂದು ಕೂತರೆ ನಮ್ಮ ಗತಿ ಏನು ಅನ್ನುವ ಹೆದರಿಕೆ ಅಲ್ಲಿ ಅಷ್ಟಾಗಿ ಇಲ್ಲ. ಹೊಸ ಫೋನ್ ಕೊಳ್ಳುವವನು ಒಬ್ಬ, ಹಳೇದನ್ನೇ ತಳ್ಳುವವರು ಹತ್ತು ಜನ ಅನ್ನುವ ಲೆಕ್ಕ. ಬ್ರಿಗೇಡ್ ರಸ್ತೆಯಲ್ಲೂ ಇಂದಿರಾನಗರದಲ್ಲೂ ಆಪಲ್ಲಿನದೇ ಫೋನು ಮಾರುವ ಅಧಿಕೃತ ವ್ಯಾಪಾರಿಗಳಿಗೆ ಮಾತ್ರ ಎದೆ ಸ್ವಲ್ಪ ಡವಗುಟ್ಟಿರಬೇಕು.

ಕೊನೆಗೂ ಬಂದದ್ದು

2025ರ ಸೆಪ್ಟೆಂಬರ್ 2, ಮಂಗಳವಾರ, ಮಧ್ಯಾಹ್ನ ಒಂದು ಗಂಟೆ. ಬಳ್ಳಾರಿ ರಸ್ತೆಯ ಫೀನಿಕ್ಸ್ ಮಾಲ್ ಆಫ್ ಏಷ್ಯಾದಲ್ಲಿ ದೇಶದ ಮೂರನೆಯ ಅಂಗಡಿ ತೆರೆಯಿತು. ಅದಕ್ಕೆ ಮುಂಚೆ ಮುಂಭಾಗಕ್ಕೆ ನವಿಲುಗರಿಯ ಚಿತ್ರದ ಪರದೆ ಕಟ್ಟಿದ್ದರು. ಒಳಗೆ 70 ಮಂದಿ ಸಿಬ್ಬಂದಿ, 15 ರಾಜ್ಯಗಳಿಂದ ಬಂದವರು ಅಂತ ಕಂಪನಿ ಹೇಳಿಕೊಂಡಿತು. ಗುತ್ತಿಗೆ ಪತ್ರದ ಲೆಕ್ಕ ಪತ್ರಿಕೆಗಳಲ್ಲಿ ಬಂದಂತೆ ಸುಮಾರು 8,000 ಚದರಡಿ, 10 ವರ್ಷ, ವರ್ಷದ ಬಾಡಿಗೆ 2.09 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಚದರಡಿಗೆ ತಿಂಗಳಿಗೆ ಹತ್ತಿರ ಹತ್ತಿರ 218 ರೂಪಾಯಿ ಬೀಳುತ್ತೆ. ಎಸ್.ಪಿ. ರಸ್ತೆಯವರು ಕೇಳಿದರೆ ಮೂರ್ಛೆ ಹೋಗಲಿಕ್ಕಿಲ್ಲ. ಅಲ್ಲಿಯ ಪಗಡಿಯ ಕಥೆಯೂ ಏನು ಕಮ್ಮಿಯಿಲ್ಲ.

ಎರಡು ದಿನ ಬಿಟ್ಟು ಸೆಪ್ಟೆಂಬರ್ 4ಕ್ಕೆ ಪುಣೆಯ ಕೋರೆಗಾಂವ್ ಪಾರ್ಕಿನಲ್ಲಿ ನಾಲ್ಕನೆಯದು ಬಂತು. ಅಲ್ಲಿಗೆ ಬೆಂಗಳೂರಿನ ಹೆಗ್ಗಳಿಕೆ ಎರಡೇ ದಿನದ್ದು.

ಅಂಗಡಿಗೆ ಇಟ್ಟ ಹೆಸರು ಆಪಲ್ ಹೆಬ್ಬಾಳ. ಹೆಬ್ಬಾಳದವರಿಗೆ ಖುಷಿ. ಆದರೆ ಮಾಲ್ ಇರುವುದು ಬ್ಯಾಟರಾಯನಪುರದಲ್ಲಿ! ಕೆರೆ, ಮೇಲುಸೇತುವೆ ಎಲ್ಲ ದಾಟಿ ಯಲಹಂಕದ ಕಡೆ ಮುಂದಕ್ಕೆ ಹೋಗಬೇಕು. ಜಾಗ ಕೊಟ್ಟವರು ಒಬ್ಬರು, ಹೆಸರು ಪಡೆದವರು ಇನ್ನೊಬ್ಬರು. ಹೆಸರು ಉದ್ದವಾಯಿತು ಅಂತ ಬಿಟ್ಟರೋ, ಪರದೇಶದವರ ನಾಲಿಗೆ ಹೊರಳದು ಅಂತ ಬಿಟ್ಟರೋ, ಅಂತೂ ಬ್ಯಾಟರಾಯ ಹೊರಗೇ ನಿಂತ.

ಹೆಬ್ಬಾಳ ಅನ್ನುವ ಹೆಸರೇನೂ ಸಣ್ಣದಲ್ಲ. ಕ್ರಿ.ಶ. 750ರ ಹೊತ್ತಿನ ಕಿತ್ತಯ್ಯನ ವೀರಗಲ್ಲು ಇಲ್ಲಿಯದು. ಗಂಗರ ಶ್ರೀಪುರುಷನ ಕಾಲದ್ದು, ಬೆಂಗಳೂರು ಪ್ರದೇಶದಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲಿ ಅತಿ ಹಳೆಯದೆಂದು ಹೆಸರಾದದ್ದು. ಕೆಂಪೇಗೌಡರು ಊರು ಕಟ್ಟುವುದಕ್ಕೆ ಸುಮಾರು ಎಂಟು ಶತಮಾನ ಮುಂಚೆ ಇಲ್ಲಿ ಕನ್ನಡದಲ್ಲಿ ಕಲ್ಲು ಕೆತ್ತಿದ್ದರು. ಹಳೆಯ ಲೆಕ್ಕದಲ್ಲಿ ಮೇಖ್ರಿ ಸರ್ಕಲ್ ಹತ್ತಿರದ ಕೆಂಪೇಗೌಡ ಗೋಪುರ ದಾಟಿದರೆ ಊರು ಮುಗಿಯಿತು. ಹೆಬ್ಬಾಳ ಅದರಾಚೆ. ಪೇಟೆಯವರಿಗೆ ಉರಿದದ್ದು ಇದಕ್ಕೇ. ಗೋಪುರದಾಚೆ ಹಾಕಿದ ಅಂಗಡಿಯನ್ನು ಬೆಂಗಳೂರಿನ ಅಂಗಡಿ ಅನ್ನಬೇಕಾ?

ಉತ್ತರದವರ ಉತ್ತರ ಚುರುಕಾಗಿಯೇ ಇದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಹೋಯಿತು. ಅದರ ಹಿಂದೆಯೇ ದುಡ್ಡು ಹೋಯಿತು, ಮನೆ ಹೋಯಿತು, ಮಾಲ್ ಹೋಯಿತು. ಅಂಗಡಿ ಮಾತ್ರ ಕಂಟೋನ್ಮೆಂಟಿನಲ್ಲೇ ಕೂರಬೇಕಾ? ಇನ್ನೊಂದು ಮಾತು. 2001ರ ಮೇ 19ರಂದು ಅಮೆರಿಕದಲ್ಲಿ ಈ ಕಂಪನಿಯ ಮೊಟ್ಟಮೊದಲ ಎರಡು ಅಂಗಡಿ ತೆರೆದಾಗ ಅವೆರಡೂ ಇದ್ದದ್ದು ಮಾಲಿನೊಳಗೇ. ಒಂದು ವರ್ಜೀನಿಯಾದ ಟೈಸನ್ಸ್ ಕಾರ್ನರ್, ಇನ್ನೊಂದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್.

ಆದರೆ ಈ ಮಾಲಿಗೆ ಒಂದು ಪೂರ್ವಕಥೆ ಇದೆ. 2023ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಡಿಸೆಂಬರ್ ಹೊತ್ತಿಗೆ ಬಳ್ಳಾರಿ ರಸ್ತೆಯಲ್ಲಿ ವಾಹನ ಕಟ್ಟಿಕೊಂಡು ಅಕ್ಕಪಕ್ಕದ ಬಡಾವಣೆಯವರು ಮನೆ ಸೇರುವುದೇ ಕಷ್ಟವಾಯಿತು. ಪೊಲೀಸ್ ಕಮಿಷನರು 144ನೇ ಸೆಕ್ಷನ್ ಹಾಕಿ, ಡಿಸೆಂಬರ್ 31ರಿಂದ ಜನವರಿ 15ರವರೆಗೆ ಮಾಲ್ ಮುಚ್ಚಿ ಅಂದುಬಿಟ್ಟರು. ಮಾಲಿನವರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಅದೇ ವಾರ, ಡಿಸೆಂಬರ್ 27ಕ್ಕೆ, ಫಲಕದಲ್ಲಿ ಶೇಕಡಾ 60 ಕನ್ನಡ ಇರಲಿ ಅಂತ ಕರ್ನಾಟಕ ರಕ್ಷಣಾ ವೇದಿಕೆಯವರು ನಡೆಸಿದ ಹೋರಾಟದ ಬಿಸಿ ಈ ಮಾಲಿನ ಬಾಗಿಲಿಗೂ ತಟ್ಟಿತು. ಮುಂದೆ 2024ರಲ್ಲಿ ಶಾಸನ ಸಭೆ ಶೇಕಡಾ 60ರ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು. ಕಿತ್ತಯ್ಯನ ಊರಿನಲ್ಲಿ ಕನ್ನಡ ಬರೆಯಿರಿ ಅಂತ ಕಾನೂನು ಹೇಳಬೇಕಾಯಿತು.

2025ರ ಆಗಸ್ಟ್ 18ರಂದು, ಅಂದರೆ ಅಂಗಡಿ ತೆರೆಯುವುದಕ್ಕೆ ಹದಿನೈದು ದಿನ ಮುಂಚೆ, ಹೆಬ್ಬಾಳ ಮೇಲುಸೇತುವೆಗೆ 700 ಮೀಟರಿನ ಹೊಸ ಕೊಂಡಿ ಸೇರಿತು. ಕೆ.ಆರ್. ಪುರದ ಕಡೆಯಿಂದ ಮೇಖ್ರಿ ಸರ್ಕಲ್ಲಿಗೆ ಹೋಗುವವರಿಗೆ ಉಪಕಾರವಾಯಿತು. ಮೇಖ್ರಿ ಸರ್ಕಲ್ಲಿನಿಂದ ಅಂಗಡಿಗೆ ಹೋಗುವವರಿಗೆ ಅಲ್ಲ. ವಿಮಾನ ನಿಲ್ದಾಣದ ಮೆಟ್ರೊ ಮಾರ್ಗದಲ್ಲಿ ಅಂಗಡಿ ತೆರೆದ ದಿನ ಕಂಬದ ಕೆಲಸ ನಡೆದಿತ್ತು, ರೈಲು ಓಡುತ್ತಿರಲಿಲ್ಲ. ಜಯನಗರದವನು ಊರನ್ನು ಉದ್ದಕ್ಕೆ ಸೀಳಿಕೊಂಡು ಹೋಗಬೇಕು. ಆ ಸೆಪ್ಟೆಂಬರಿನಲ್ಲಿ ಐಫೋನ್ 17ರ ಆರಂಭದ ಬೆಲೆ 82,900 ರೂಪಾಯಿ. ಆಟೋದವನು ಕೇಳುವ ದುಡ್ಡು ಬೇರೆ.

ಕೇಳಿದವರು ಯಾರು?

ಮೆಲ್ಬರ್ನಿನ ಕಥೆ ಇಲ್ಲಿ ಹೇಳಲೇಬೇಕು. ಆಸ್ಟ್ರೇಲಿಯದ ಆ ಊರಿನ ನಡುಮಧ್ಯೆ ಫೆಡರೇಷನ್ ಸ್ಕ್ವೇರ್ ಅಂತ ಒಂದು ಸಾರ್ವಜನಿಕ ಚೌಕ ಇದೆ, 2002ರಲ್ಲಿ ಕಟ್ಟಿ ಮುಗಿಸಿದ್ದು. 2017ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಜನ ಊರು ಬಿಡುವ ಹೊತ್ತಿಗೆ ಸರಿಯಾಗಿ, ವಿಕ್ಟೋರಿಯಾ ಸರಕಾರ ಚೌಕದ ಒಂದು ಕಟ್ಟಡ ಕೆಡವಿ ಅಲ್ಲಿ ಆಪಲ್ ಅಂಗಡಿಗೆ ಜಾಗ ಕೊಡುತ್ತೇವೆ ಅಂತ ಸಾರಿತು. ಜನ ರೇಗಿದರು. ನಕ್ಷೆ ನೋಡಿ ಪಿಜ್ಜಾ ಅಂಗಡಿ ಇದ್ದಂಗಿದೆ ಅಂತ ಗೇಲಿ ಮಾಡಿದರು. ಅಂಗಡಿ ಬೇಡ ಅಂತ ಎಲ್ಲರೂ ಹೇಳಲಿಲ್ಲ, ಬೇಕಾದರೆ ರಸ್ತೆ ದಾಟಿ ಬೇರೆಡೆ ಮಾಡಿ, ನಮ್ಮ ಚೌಕ ಬಿಡಿ ಅಂದರು. ಮೂರು ಸಾವಿರಕ್ಕೂ ಮೀರಿ ಅಹವಾಲು ಬಂದವು. 2019ರ ಏಪ್ರಿಲಿನಲ್ಲಿ ಅಲ್ಲಿಯ ಪಾರಂಪರಿಕ ಇಲಾಖೆ ಅನುಮತಿ ಇಲ್ಲ ಅಂದಿತು. ಕಂಪನಿ ಗಂಟು ಕಟ್ಟಿಕೊಂಡು ಹೊರಟಿತು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲೂ ಇದೇ ರಾಗ. ರಾಜೋದ್ಯಾನದಲ್ಲಿ ಅಂಗಡಿ ಕಟ್ಟುವ ಯೋಜನೆಗೆ 2018ರ ನಗರ ಚುನಾವಣೆ ಆದ ಮೇಲೆ ಹೊಸ ಆಡಳಿತದವರು ತಡೆ ಹಾಕಿದರು.

ಬೆಂಗಳೂರಿನ ಬಾಬತ್ತು ಬೇರೆ ಅನ್ನುವುದು ನಿಜ. ಇಲ್ಲಿ ಯಾರೂ ಕಬ್ಬನ್ ಪಾರ್ಕಿನ ತುಂಡು ಕೇಳಲಿಲ್ಲ. ಖಾಸಗಿ ಮಾಲಿನಲ್ಲಿ ಖಾಸಗಿ ಬಾಡಿಗೆ, ಇಬ್ಬರ ಸಹಿ, ಮುಗಿಯಿತು. ಆದರೆ ಮಾಲಿನ ಮುಂದಿನ ರಸ್ತೆ ಖಾಸಗಿ ಅಲ್ಲವಲ್ಲ. ಅಲ್ಲಿ ವಾಹನ ನಿಂತಾಗ ಬಸ್ಸಿನಲ್ಲಿ ಕೂತವನೂ ನಿಲ್ಲುತ್ತಾನೆ, ಆಂಬುಲೆನ್ಸೂ ನಿಲ್ಲುತ್ತದೆ. ಅದನ್ನು ಯಾವ ಕಾರ್ಪೊರೇಟರನಿಗೆ ಹೇಳಬೇಕು? ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೇ ಮುಗಿದಿತ್ತು. ಐದು ವರ್ಷ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಕಾಕತಾಳೀಯ ನೋಡಿ, ಅಂಗಡಿ ತೆರೆದ ಅದೇ 2025ರ ಸೆಪ್ಟೆಂಬರ್ 2ರಂದೇ ಬಿಬಿಎಂಪಿ ಹೋಗಿ ಊರು ಐದು ಪಾಲಿಕೆಗಳಾಯಿತು. ಬ್ಯಾಟರಾಯನಪುರ ಉತ್ತರ ಪಾಲಿಕೆಗೆ ಸೇರಿತು. ಆ ದಿನ ಸಾಲು ನಿಂತದ್ದು ಮಾತ್ರ ಮಾಲಿನ ಮುಂದೆ.

ಇದೇ ಬಳ್ಳಾರಿ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ದೇವನಹಳ್ಳಿ ಸೀಮೆ. ಅಲ್ಲಿ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2025ರಿಂದ ಐಫೋನ್ ತಯಾರಾಗುತ್ತಿದೆ. ಆ ಕಡೆ ಕೋಲಾರದ ನರಸಾಪುರದಲ್ಲಿ ಇದಕ್ಕೂ ಮುಂಚಿನಿಂದ. ಆಗ ವಿಸ್ಟ್ರಾನ್ ಕೈಯಲ್ಲಿದ್ದ ಆ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಂಬಳ ಸರಿಯಾಗಿ ಬಂದಿಲ್ಲ ಅಂತ ಕಾರ್ಮಿಕರು ಸಿಡಿದೆದ್ದು ಗಾಜು ಪುಡಿಯಾಯಿತು. ಕೆಲವರಿಗೆ ಸರಿಯಾಗಿ ಸಂಬಳ ಸಂದಿಲ್ಲ ಅಂತ ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. 2023ರಲ್ಲಿ ಅದು ಟಾಟಾದವರ ಪಾಲಾಯಿತು. ಫೋನಿನಂಗಡಿ ಎಲ್ಲಿ ತೆರೆಯಬೇಕು ಅನ್ನುವ ಚರ್ಚೆಯಲ್ಲಿ ನರಸಾಪುರದ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಬರುವುದೂ ಇಲ್ಲ ಬಿಡಿ.

ಅಂಗಡಿಯ ಒಳಗೆ ದುಡ್ಡಿಲ್ಲದವನಿಗೂ ಪ್ರವೇಶ ಇದೆ. ಮೇಜಿನ ಮೇಲಿಟ್ಟ ಫೋನನ್ನು ಮುಟ್ಟಿ ನೋಡಬಹುದು, ಚಿತ್ರ ತೆಗೆಯುವುದು ಹೇಗೆ ಅಂತ ಬಿಟ್ಟಿ ಪಾಠ ಕೂಡ ಹೇಳಿಕೊಡುತ್ತಾರೆ. ಅಲ್ಲಿಗೆ ಹೋಗಿ ಬರುವ ಬಸ್ ಚಾರ್ಜು ಮಾತ್ರ ಸ್ವಂತದ್ದು.

ಎಂ.ಜಿ. ರಸ್ತೆಯ ಪಕ್ಷ ಸೋಲೊಪ್ಪಿಲ್ಲ. ನಮಗೆರಡು ಬರಲಿ, ಎರಡನೆಯದಾದರೂ ಮೆಟ್ರೊ ಪಕ್ಕಕ್ಕೆ ಬರಲಿ ಅಂತ ಹೊಸ ವಾದ ಹೂಡಿದೆ. ಇಂದಿರಾನಗರದ ನಿವಾಸಿಗಳ ಕೈ ಇನ್ನೂ ಮುಗಿದುಕೊಂಡೇ ಇದೆ.