ಒಡೆಯನಿಲ್ಲದ ಮನೆ

ಮಕ್ಕಳು ಉದ್ಯೋಗಾರ್ಥವಾಗಿ ಪಟ್ಟಣ ಸೇರಿದ ಮೇಲೆ ಹಿರಿಯರ ಮನೆಗೆ ಬೀಗ ಬೀಳುವುದು ಅನೇಕ ದೇಶಗಳಲ್ಲಿ ಕಾಣಬರುವ ಸಂಗತಿ. ಜಪಾನಿನಲ್ಲಿ ಈ ಸಂಕಟವು ಬಹಳ ಬಲಿತಿರುವುದು. ೨೦೨೩ರಲ್ಲಿ ಅಲ್ಲಿಯ ಸರಕಾರವು ನಡೆಸಿದ ಎಣಿಕೆಯಂತೆ ಸುಮಾರು ೯೦ ಲಕ್ಷ ಮನೆಗಳು ಬರಿದಾಗಿದ್ದುವು. ಅಂದರೆ ಹೆಚ್ಚುಕಡಮೆ ಏಳು ಮನೆಗಳಿಗೆ ಒಂದು.

ಜೀರ್ಣವಾದುದನ್ನು ಕೆಡವಬಾರದೆ ಎಂದು ವಾಚಕರು ಕೇಳಬಹುದು. ಅಲ್ಲಿ ವಾಸದ ಮನೆಯು ನಿಂತಿರುವ ನಿವೇಶನಕ್ಕೆ, ೨೦೦ ಚದರ ಮೀಟರಿನವರೆಗೆ, ಬೆಲೆಯ ಆರರಲ್ಲಿ ಒಂದು ಪಾಲಿನ ಮೇಲೆ ಮಾತ್ರವೇ ಕಂದಾಯ. ಮನೆಯನ್ನು ಕೆಡವಿದರೆ ಈ ರಿಯಾಯಿತಿಯು ತಪ್ಪುವುದು. ಕೆಡಹುವ ವೆಚ್ಚವೂ ತಲೆಯ ಮೇಲೆ ಬೀಳುವುದು. ಆದುದರಿಂದ ಮಾಡು ಕುಸಿದರೂ ಮನೆಯನ್ನು ಹಾಗೆಯೇ ಬಿಡುವರು.

೨೦೧೫ರಲ್ಲಿ ಜಾರಿಗೆ ಬಂದ ಕಾನೂನು ಇದರ ಪರಿಹಾರವನ್ನು ಪೌರಸಭೆಗಳಿಗೆ ಒಪ್ಪಿಸಿತು. ನೆರೆಹೊರೆಗೆ ಅಪಾಯಕರವಾದ ಮನೆಯನ್ನು ಅಧಿಕಾರಿಗಳು ಪರೀಕ್ಷಿಸಿ, ಮೊದಲು ಒಡೆಯನಿಗೆ ಬುದ್ಧಿ ಹೇಳುವರು. ಬಳಿಕ ಎಚ್ಚರಿಕೆ ಕೊಡುವರು. ಅದಕ್ಕೂ ಮಣಿಯದಿದ್ದರೆ ಆಜ್ಞೆ ಮಾಡುವರು. ಕಡೆಗೆ ತಾವೇ ಕೆಡವಿಸಿ ವೆಚ್ಚವನ್ನು ಆತನಿಂದ ವಸೂಲು ಮಾಡುವರು. ಎಚ್ಚರಿಕೆಗೆ ಮಣಿಯದವನ ಕಂದಾಯದ ರಿಯಾಯಿತಿಯೂ ರದ್ದಾಗುವುದು. ಸಾಮದಿಂದ ತೊಡಗಿ ದಂಡದಲ್ಲಿ ಮುಗಿಯುವ ಈ ಕ್ರಮವು ನಮ್ಮ ನೀತಿಶಾಸ್ತ್ರಕ್ಕೂ ಸಮ್ಮತವೇ. ೨೦೨೩ರ ತಿದ್ದುಪಡಿಯು, ಅಷ್ಟು ಕೆಡದಿದ್ದರೂ ಆರೈಕೆಯಿಲ್ಲದೆ ಬಿದ್ದಿರುವ ಮನೆಗಳಿಗೂ ಎಚ್ಚರಿಕೆಯನ್ನು ವಿಸ್ತರಿಸಿತು. ಇತ್ತ, ಅನೇಕ ಊರುಗಳ ಪೌರಸಭೆಗಳು ಬರಿದಾದ ಮನೆಗಳ ಪಟ್ಟಿಯನ್ನು ಪ್ರಕಟಿಸಿ, ಕೊಳ್ಳುವವರನ್ನೂ ಬಾಡಿಗೆಗೆ ಹಿಡಿಯುವವರನ್ನೂ ಕರೆಯುತ್ತಲಿವೆ.

ಆದರೆ ಬುದ್ಧಿ ಹೇಳುವುದಕ್ಕಾಗಲಿ ದಂಡಿಸುವುದಕ್ಕಾಗಲಿ ಒಡೆಯನು ಸಿಕ್ಕಬೇಕಷ್ಟೆ! ದಾಖಲೆಯು ತಾತನ ಹೆಸರಿನಲ್ಲಿಯೇ ಉಳಿದು, ಮೊಮ್ಮಕ್ಕಳು ದಿಕ್ಕುದಿಕ್ಕಿಗೆ ಚದುರಿದ್ದರೆ ಕಾಗದವನ್ನು ಯಾರಿಗೆ ಕಳುಹಿಸುವುದು? ಅದಕ್ಕಾಗಿ ೨೦೨೪ರ ಏಪ್ರಿಲಿನಿಂದ, ಹಿರಿಯರ ಆಸ್ತಿಯು ತಮಗೆ ಬಂದಿತೆಂದು ತಿಳಿದ ಮೂರು ವರ್ಷಗಳೊಳಗಾಗಿ ವಾರಸುದಾರರು ಹಕ್ಕನ್ನು ನೋಂದಾಯಿಸತಕ್ಕದ್ದೆಂದು ವಿಧಿಸಿರುವರು. ಸಕಾರಣವಿಲ್ಲದೆ ತಪ್ಪಿದವರಿಗೆ ಒಂದು ಲಕ್ಷ ಯೆನ್ನಿನವರೆಗೆ ದಂಡವುಂಟು.

ಈ ಕಡೆಯ ವಿಧಿಯೇ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಗತಿಸಿದವರ ಹೆಸರಿನಲ್ಲಿಯೇ ಖಾತೆ ಉಳಿದಿರುವ ಬೀಗದ ಮನೆಗಳು ನಮ್ಮ ಬಂಧುವರ್ಗದಲ್ಲಿಯೂ ಇಲ್ಲವೆ? ಪಾಲುದಾರರೆಲ್ಲರೂ ಬದುಕಿರುವಾಗಲೇ ಒಂದೆಡೆ ಕುಳಿತು, ಇಟ್ಟುಕೊಳ್ಳುವುದೋ ಮಾರುವುದೋ ನಿಶ್ಚಯಿಸಿ, ಖಾತೆಯನ್ನು ಬದಲಾಯಿಸಿಕೊಳ್ಳುವುದು ಲೇಸು. ತೊಲೆ ಮುರಿದು ನೆರೆಮನೆಯ ಮಗುವಿನ ಮೇಲೆ ಬಿದ್ದ ಬಳಿಕ, ಒಡೆಯರು ಯಾರೆಂದು ವಾದಿಸಿ ಫಲವೇನು?